ಅಪ್ಪಯ್ಯನ ‘ಇಲ್ಲೆ’

ಬ್ರಹ್ಮಾವರ
ಡಿಸೆಂಬರ್ ೧೯೭೧

ರತ್ನಾಕರ ಮಾಸ್ಟ್ರಿಗೆ,

ಮುತ್ತನ ಮಗಳು ಸುಗುಣ ಬರೆಯುವುದು.

‘ಪೂಜ್ಯ ಗುರುಗಳಿಗೆ’ ಎಂದು ಪತ್ರ ಶುರು ಮಾಡಬೇಕೆಂದು ನೀವೇ ಕಲಿಸಿದ್ದು. ಬರೆಯಲು ಹೊರಟೆ, ಆಗಲಿಲ್ಲ. ‘ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂಬುದನ್ನೂ ಬಿಟ್ಟಿದ್ದೇನೆ. ನಮ್ಮ ಮನೆಯಲ್ಲಿ ಈಗ ಏನಾಗಿದೆ ಎಂದು ನಿಮಗೆ ಗೊತ್ತು. ನಿಮ್ಮ ಕ್ಷೇಮ ಕೇಳುವ ಮನಸ್ಸು ನನಗಿಲ್ಲ.

ನಿಮ್ಮ ಕಾರ್ಡು ನಿನ್ನೆ ಬಂತು. ‘ಮುತ್ತ ತೀರಿಕೊಂಡ ಸುದ್ದಿ ತಿಳಿದು ಬಹಳ ದುಃಖವಾಯಿತು. ಯಾರಿಗೂ ಕೇಡು ಬಗೆಯದ ನಿರಪರಾಧಿ ಜೀವ. ಉತ್ತರಕ್ರಿಯೆಗೆ, ಬೊಜ್ಜದ ದಿನ ಬಂದು, ಸೇರಿದವರ ಎದುರು ಅವನ ಬಗ್ಗೆ ನಾಲ್ಕು ಮಾತು ಹೇಳುವ ಆಸೆಯಿದೆ’ ಎಂದು ಬರೆದಿದ್ದೀರಿ. ಅಮ್ಮನಿಗೆ ಓದಿ ಹೇಳಿದೆ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, ‘ಮಾಸ್ಟ್ರು ಮರೀಲಿಲ್ಲೆ ಕಾಣ್’ ಎಂದಳು. ನಾನು ಕಾರ್ಡನ್ನು ಅವಳ ಕೈಗೆ ಕೊಟ್ಟು ಬಾವಿಕಟ್ಟೆಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಸಿಟ್ಟು ಇಳಿಯಲಿಲ್ಲ. ಇವತ್ತೂ ಇಳಿದಿಲ್ಲ.

ನಿರಪರಾಧಿ. ಈ ಶಬ್ದ ನಿಮ್ಮ ಹತ್ತಿರ ಇತ್ತು ಎಂದಾಯಿತು. ಇಷ್ಟು ವರ್ಷ ಎಲ್ಲಿ ಇಟ್ಟಿದ್ದಿರಿ ಮಾಸ್ಟ್ರೇ? ಅಪ್ಪಯ್ಯನಿಗೆ ಉಸಿರಿರುವಾಗ ಒಂದು ಸಲ ಹೊರಗೆ ತೆಗೆದಿದ್ದರೆ ಅದು ಸವೆದುಹೋಗುತ್ತಿತ್ತೇ?

ನಡೆದದ್ದು ನಿಮಗೂ ಗೊತ್ತು, ನನಗೂ ಗೊತ್ತು. ಆದರೂ ಮೊದಲಿನಿಂದ ಬರೆಯುತ್ತೇನೆ. ಯಾಕೆಂದರೆ ನೀವು ಅದನ್ನೆಲ್ಲ ನಿಮ್ಮೊಳಗೆ ಬೇರೆ ರೀತಿಯಲ್ಲಿ ಹೊಂದಿಸಿಟ್ಟುಕೊಂಡಿದ್ದೀರಿ ಎಂದು ಕಾರ್ಡು ಓದಿದಾಗ ಅನ್ನಿಸಿತು. ಅಪ್ಪಯ್ಯನ ಬಗ್ಗೆ ನಾಲ್ಕು ಮಾತು ಹೇಳಲು ಹೊರಟವರು ನಡೆದದ್ದನ್ನು ಒಮ್ಮೆ ಸರಿಯಾಗಿ ಓದಿಕೊಳ್ಳಲಿ.

ಕಿರಿಮಂಜೇಶ್ವರದಿಂದ ಮೂಡಕ್ಕೆ, ಗುಡ್ಡೆಯ ಬುಡದ ಆ ಊರಿನಲ್ಲಿ ನೀವೂ ಅಪ್ಪಯ್ಯನೂ ಒಂದೇ ತೋಡಿನಲ್ಲಿ ಏಡಿ ಹಿಡಿದು ಬೆಳೆದವರು. ನೀವು ಓದಿ ಮಾಸ್ಟ್ರಾದಿರಿ. ಅಪ್ಪಯ್ಯ ದೊಡ್ಡಮನೆ ಒಡೆಯರ ಗದ್ದೆಯನ್ನು ಗೇಣಿಗೆ ಮಾಡಿಕೊಂಡು ಉಳಿದ. ಅದರಿಂದ ನಿಮ್ಮ ಸಲಿಗೆ ಕಡಿಮೆಯಾಗಲಿಲ್ಲ. ಶಾಲೆ ಬಿಟ್ಟು ಹೋಗುವಾಗ ನಮ್ಮ ಅಂಗಳದಾಚೆ ನಿಂತು, ‘ಹ್ವಾಯ್ ಮುತ್ತಾ, ಮನೆಲಿದ್ಯಾ ಇಲ್ಯಾ ಮಾರಾಯಾ?’ ಎಂದು ಕೂಗುತ್ತಿದ್ದಿರಿ. ಅಪ್ಪಯ್ಯ ಒಳಗಿನಿಂದಲೇ, ‘ಇಲ್ಲೆ, ಸತ್ತ್ ಹೋಯ್ದೆ’ ಎನ್ನುತ್ತಿದ್ದ. ಇಬ್ಬರೂ ನಗುತ್ತಿದ್ದಿರಿ. ಆಮೇಲೆ ಜಗಲಿಯಲ್ಲಿ ಕುಳಿತು ವೀಳ್ಯ ಹಾಕುತ್ತಿದ್ದಿರಿ.

ಅಮ್ಮ ಈ ಬ್ರಹ್ಮಾವರದ ತುಳು ಮನೆಯವಳು. ಅವಳಿಗೆ ‘ಇಲ್ಲ್’ ಎಂದರೆ ಮನೆ. ಅಪ್ಪಯ್ಯನ ಮೇಲೆ ಕೋಪ ಬಂದಾಗ ‘ಯಾನ್ ಇಲ್ಲಗ್ ಪೋಪೆ’ ಎನ್ನುತ್ತಿದ್ದಳು, ನಾನು ಮನೆಗೆ ಹೋಗುತ್ತೇನೆ ಎಂದು. ‘ಇಲ್ಲಗ್ ಅಂದ್ರೆ ಎಲ್ಲಿಗೂ ಹೋಪುದಿಲ್ಲೆ ಅಂತ ಅಲ್ದಾ?’ ಎಂದು ಅಪ್ಪಯ್ಯ ಕೀಟಲೆ ಮಾಡಿದರೆ ಅವಳ ಕೋಪ ಅರ್ಧ ಇಳಿಯುತ್ತಿತ್ತು. ಒಂದು ಶಬ್ದ ಒಬ್ಬರ ಬಾಯಲ್ಲಿ ಒಂದಾಗಿ ಇನ್ನೊಬ್ಬರ ಕಿವಿಯಲ್ಲಿ ಇನ್ನೊಂದಾಗುವುದು ನಮ್ಮ ಮನೆಯಲ್ಲಿ ದಿನದ ತಮಾಷೆಯಾಗಿತ್ತು. ಅದರಿಂದ ಒಬ್ಬ ಮನುಷ್ಯನನ್ನು ಮುಗಿಸಬಹುದು ಎಂದು ನಮಗೆ ತಿಳಿದಿರಲಿಲ್ಲ.

ಐವತ್ತಾರರಲ್ಲಿ ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ನೀವು ಶಾಲೆಯಲ್ಲಿ ಬಾವುಟ ಕಟ್ಟಿಸಿದಿರಿ. ಬೆಲ್ಲ ಅವಲಕ್ಕಿ ಹಂಚಿದಿರಿ. ಊರಿನವರನ್ನೆಲ್ಲ ಕೂರಿಸಿಕೊಂಡು ಭಾಷಣ ಮಾಡಿದಿರಿ. ‘ಇನ್ನು ಮುಂದೆ ಪರಭಾಷೆಯ ಅಧಿಕಾರಿಗಳ ಎದುರು ನಮ್ಮವರು ಮೂಕರಂತೆ ನಿಲ್ಲಬೇಕಾಗಿಲ್ಲ. ನಮ್ಮ ಮಾತು ನಮ್ಮನ್ನಾಳುವವರಿಗೆ ತಿಳಿಯುತ್ತದೆ’ ಎಂದಿರಿ. ಅಪ್ಪಯ್ಯ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಅಲ್ಲಿಯವರೆಗೆ ಇದ್ದ ಕಾಡಿನ ರೇಂಜರು ತಮಿಳಿನವರು. ಅವರಿಗೆ ಕನ್ನಡ ಬಾರದು. ಆದರೂ ಸೊಪ್ಪಿನ ಹೊರೆ ಹೊತ್ತವರನ್ನು ನಿಲ್ಲಿಸಿ, ಒಳಗೆ ಮರದ ತುಂಡು ಇದೆಯೇ ಎಂದು ಕೇಳಿದಾಗ, ನಮ್ಮವರು ‘ಇಲ್ಲೆ’ ಎಂದರೆ ಅವರಿಗೆ ಥಟ್ಟನೆ ಗೊತ್ತಾಗುತ್ತಿತ್ತು. ಅವರ ಭಾಷೆಯಲ್ಲೂ ಅದು ಹಾಗೆಯೇ. ಪರಭಾಷೆಯವರಿಗೆ ತಿಳಿಯುತ್ತಿದ್ದದ್ದು ನಮ್ಮ ಭಾಷೆಯವರು ಬಂದ ಮೇಲೆ ತಿಳಿಯದಂತಾಯಿತು.

ಆಮೇಲೆ ನಿಮ್ಮನ್ನು ತರಬೇತಿಗೆಂದು ಮೈಸೂರಿಗೆ ಕಳುಹಿಸಿದರು. ಹೋದ ರತ್ನಾಕರ ಮಾಸ್ಟ್ರೇ ಬೇರೆ, ಬಂದವರೇ ಬೇರೆ. ಅಂಗಳದಾಚೆ ನಿಂತು ‘ಹ್ವಾಯ್’ ಎನ್ನುವುದು ನಿಂತಿತು. ‘ಏನು ಮುತ್ತ, ಆರೋಗ್ಯವೇ?’ ಎಂದು ಕೇಳಿದಿರಿ. ಅಪ್ಪಯ್ಯ ನೀವು ತಮಾಷೆ ಮಾಡುತ್ತಿದ್ದೀರಿ ಎಂದುಕೊಂಡು ನಕ್ಕ. ನೀವು ನಗಲಿಲ್ಲ.

ಕಾರಣವನ್ನು ಒಮ್ಮೆ ತರಗತಿಯಲ್ಲಿ ನೀವೇ ಹೇಳಿದಿರಿ. ಅಲ್ಲಿಯ ಊಟದ ಮನೆಯಲ್ಲಿ ಬಡಿಸುವವನು ಬಂದು ‘ಊಟ ಆಯ್ತಾ?’ ಎಂದು ಕೇಳಿದನಂತೆ. ನೀವು ‘ಇಲ್ಲೆ’ ಎಂದಿರಂತೆ. ಅವನು ‘ಓ, ಇಲ್ಲೇ ಆಯ್ತಾ, ಸರಿ’ ಎಂದು ಎಲೆ ಹಾಕದೆ ಹೋದನಂತೆ. ಮಿಕ್ಕ ಮಾಸ್ಟ್ರುಗಳೆಲ್ಲ ಬಿದ್ದು ಬಿದ್ದು ನಕ್ಕು, ತರಬೇತಿ ಮುಗಿಯುವವರೆಗೂ ನಿಮ್ಮನ್ನು ‘ಇಲ್ಲೇ ಮೇಷ್ಟ್ರು’ ಎಂದೇ ಕರೆದರಂತೆ. ಹೇಳುವಾಗ ನೀವು ನಗುತ್ತಲೇ ಹೇಳಿದಿರಿ. ನಾವೂ ನಕ್ಕೆವು. ಮರುಗಳಿಗೆಯಲ್ಲಿ ನಿಮ್ಮ ಮುಖ ಗಂಟಾಯಿತು. ‘ಇನ್ನು ಈ ತರಗತಿಯಲ್ಲಿ ಯಾರೂ ಆ ಶಬ್ದ ಆಡಕೂಡದು. ಇಲ್ಲ ಎನ್ನಬೇಕು. ಇಲ್ಲೇ ಎಂದರೆ ಇಲ್ಲಿಯೇ ಎಂದರ್ಥ’ ಎಂದಿರಿ. ಮರುದಿನ ನನ್ನನ್ನು ಎಬ್ಬಿಸಿ ಲೆಕ್ಕ ಮಾಡಿದ್ದೀಯಾ ಎಂದು ಕೇಳಿದಿರಿ. ‘ಇಲ್ಲೆ ಸಾರ್’ ಎಂದು ಬಾಯಿಗೆ ಬಂತು. ಲೆಕ್ಕ ಮಾಡದಿದ್ದುದಕ್ಕೆ ಒಂದು ಪೆಟ್ಟು ಕೊಟ್ಟು, ಆ ಶಬ್ದಕ್ಕೆ ಮತ್ತೆರಡು ಕೊಟ್ಟಿರಿ.

ಆ ಶಬ್ದಕ್ಕೆ ನಮ್ಮಲ್ಲಿ ಒಂದು ಅರ್ಥ, ಘಟ್ಟದ ಮೇಲೆ ಇನ್ನೊಂದು ಅರ್ಥ ಎಂಬುದು ನಿಮಗಿಂತ ಚೆನ್ನಾಗಿ ಗೊತ್ತಿದ್ದವರು ಆ ಸುತ್ತಿನಲ್ಲಿ ಇರಲಿಲ್ಲ ಎನ್ನುವುದಕ್ಕೆ ಇದನ್ನು ಬರೆದೆ. ಅಪ್ಪಯ್ಯ ಪಾಪ ನಂಬಿದ್ದ ಹಾಗೆ, ಅವತ್ತು ನಿಮಗೆ ಸರಿಯಾಗಿ ಕೇಳಿಸದೆ ಹೋದದ್ದಲ್ಲ.

ನಮ್ಮ ಶಾಲೆ ಹೈಸ್ಕೂಲಾಗಬೇಕಿತ್ತು. ಕಟ್ಟಡವಾದರೆ ಮಂಜೂರಾಗುತ್ತದೆ ಎಂದು ನೀವು ಊರೂರು ತಿರುಗಿದಿರಿ. ಅದನ್ನು ನಾನು ಸಣ್ಣದು ಎನ್ನುವುದಿಲ್ಲ. ಒಡೆಯರು ‘ಮಾಡಿನ ಮರ ನನ್ನದು’ ಎಂದು ಚಾವಣಿಗೆ ಬೇಕಾದಷ್ಟು ಮರ ಕೊಡುವ ಮಾತು ಕೊಟ್ಟರು. ಶಾಲೆಯ ಹಿಂದಿನ ಗುಡ್ಡೆ ಸರಕಾರದ ಕಾಡು. ಅಲ್ಲಿಯ ಬೋಗಿ ಮರಗಳಿಗೆ ಒಡೆಯರ ಆಳುಗಳು ಹಾಡಹಗಲೇ ಕೊಡಲಿ ಹಾಕಿದರು. ನೀವು ಪದ್ಯ ಓದಿಸುವಾಗ ಕಿಟಕಿಯಿಂದ ಕೊಡಲಿಯ ಸದ್ದು ಬರುತ್ತಿತ್ತು. ಒಂದು ಮರ ಬಿದ್ದಾಗ ಇಡೀ ತರಗತಿ ಹೆದರಿ ಎದ್ದು ನಿಂತಿತು. ‘ಕೂತುಕೊಳ್ಳಿ, ನಮ್ಮ ಹೊಸ ಶಾಲೆ ಬರುತ್ತಾ ಇದೆ’ ಎಂದಿರಿ. ನಿಮ್ಮ ಮುಖದಲ್ಲಿ ಆಗ ಇದ್ದ ಸಂತೋಷ ನಿಜವಾದದ್ದೇ. ಅದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಯಾರೋ ದೂರು ಕೊಟ್ಟರು. ಘಟ್ಟದ ಮೇಲಿನಿಂದ ಹೊಸದಾಗಿ ಬಂದಿದ್ದ ರೇಂಜರು ತನಿಖೆಗೆ ಬಂದರು. ಕಾಡಿನ ಗಾರ್ಡಿಗೆ ಯಾರನ್ನಾದರೂ ತೋರಿಸಬೇಕಿತ್ತು. ಒಡೆಯರನ್ನು ತೋರಿಸುವ ಎದೆ ಅವನಿಗಿರಲಿಲ್ಲ. ಅವತ್ತು ಗದ್ದೆಗೆ ಸೊಪ್ಪು ಸವರಲು ಗುಡ್ಡೆ ಹತ್ತಿದ್ದವನು ಅಪ್ಪಯ್ಯ. ಕೈಯಲ್ಲಿ ಸೊಪ್ಪಿನ ಕತ್ತಿ. ಆ ಕತ್ತಿಯಿಂದ ಕೊಂಬೆ ಸವರಬಹುದು, ಬೋಗಿ ಮರದ ಬುಡ ಕಡಿಯಲಾಗುವುದಿಲ್ಲ ಎಂದು ಊರಿನ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕೇಳಲಿಲ್ಲ. ಕತ್ತಿ ಇತ್ತು, ಮನುಷ್ಯ ಇದ್ದ, ಎದುರಿಗೆ ಕಡಿದ ಬುಡಗಳಿದ್ದವು.

ಶಾಲೆಯ ಮೇಜನ್ನೇ ಹೊತ್ತೊಯ್ದು ಆ ಬುಡಗಳ ಪಕ್ಕದಲ್ಲಿ ಹಾಕಿದರು. ಓದು ಬರಹ ಬಲ್ಲ ಸಾಕ್ಷಿ ಬೇಕೆಂದು ನಿಮ್ಮನ್ನು ಕರೆದರು. ನೀವು ಹೋದಿರಿ. ನಾವು ಕಿಟಕಿಗೆ ಮುಖ ಒತ್ತಿಕೊಂಡು ನೋಡುತ್ತಿದ್ದೆವು. ಅಪ್ಪಯ್ಯ ತಲೆಯ ಅಡಿಕೆಹಾಳೆಯ ಮುಟ್ಟಾಳೆ ತೆಗೆದು ಕ‍ಂಕುಳಲ್ಲಿಟ್ಟುಕೊಂಡು ನಿಂತಿದ್ದ. ನಿಮ್ಮನ್ನು ಕಂಡದ್ದೇ ಅವನ ಮುಖ ಹಗುರವಾದದ್ದನ್ನು ನಾನು ಅಷ್ಟು ದೂರದಿಂದ ನೋಡಿದೆ. ತಡೆಯಲಾರದೆ ತರಗತಿ ಬಿಟ್ಟು ಓಡಿ ಅಲ್ಲಿಗೆ ಬಂದೆ.

‘ಮರ ಕಡಿದವನು ನೀನೇನಾ?’ ಎಂದು ರೇಂಜರು ಕೇಳಿದರು.

‘ನಾ ಕಡ್ದದ್ ಇಲ್ಲೆ ಒಡಿಯಾ.’

‘ಕಡಿದದ್ದು ಇಲ್ಲೇ?’

ತನ್ನ ಮಾತು ಅವರಿಗೆ ತಿಳಿಯಿತು ಎಂದು ಅಪ್ಪಯ್ಯನಿಗೆ ಸಮಾಧಾನವಾಯಿತು. ‘ಹೌದ್ ಒಡಿಯಾ, ಇಲ್ಲೆ’ ಎಂದ.

ರೇಂಜರು ಬರೆದುಕೊಂಡರು. ದಿಮ್ಮಿಗಳನ್ನು ನೋಡಿದ್ದೀಯಾ ಎಂದು ಕೇಳಿದರು. ‘ನಾ ಕಂಡದ್ ಇಲ್ಲೆ’ ಎಂದ. ‘ಕಂಡದ್ದೂ ಇಲ್ಲೇ’ ಎಂದು ಅವರು ಅದನ್ನೂ ಬರೆದರು. ಪ್ರತಿ ಸಲ ತಾನು ಮಾಡಿದ್ದಲ್ಲ ಎಂದು ಹೇಳಿದಾಗಲೂ ಅಪ್ಪಯ್ಯ ತನ್ನ ಕುತ್ತಿಗೆಯ ಹಗ್ಗವನ್ನು ತಾನೇ ಎಳೆದುಕೊಳ್ಳುತ್ತಿದ್ದ.

ಆ ರೇಂಜರು ಕೆಟ್ಟವರಲ್ಲ ಮಾಸ್ಟ್ರೇ. ಅವರಿಗೆ ಏನೋ ಸರಿಯಿಲ್ಲ ಅನ್ನಿಸಿತ್ತು. ಪೆನ್ನು ಕೆಳಗಿಟ್ಟು ನಿಮ್ಮ ಕಡೆ ತಿರುಗಿದರು. ‘ಏನು ಮೇಷ್ಟ್ರೇ ಇದು? ತಲೆ ಅಲ್ಲಾಡಿಸ್ತಾನೆ, ಕೈ ಮುಗೀತಾನೆ, ಬಾಯಲ್ಲಿ ನೋಡಿದ್ರೆ ಒಪ್ಕೋತಾನೆ. ಇವನು ಹೇಳ್ತಿರೋದು ಇಲ್ಲೇ ಅಂತ ತಾನೆ?’

ನೀವು ಕನ್ನಡಕ ತೆಗೆದಿರಿ. ಪಂಚೆಯ ತುದಿಯಲ್ಲಿ ಒರೆಸಿದಿರಿ. ಅಷ್ಟು ಹೊತ್ತು ನಿಮಗಿತ್ತು. ಹಾಗಾಗಿ ಬಾಯಿತಪ್ಪಿ ಬಂತು ಎನ್ನಬೇಡಿ. ಕನ್ನಡಕ ಹಾಕಿಕೊಂಡು ಹೇಳಿದಿರಿ, ‘ಇಲ್ಲೇ ಎಂದರೆ ಇಲ್ಲಿಯೇ, ಸಾರ್.’

ವ್ಯಾಕರಣದಲ್ಲಿ ನೀವು ಸುಳ್ಳು ಹೇಳಲಿಲ್ಲ. ಯಾವ ಪುಸ್ತಕ ತೆಗೆದರೂ ನಿಮ್ಮ ಮಾತು ಸರಿ. ಆ ಒಂದು ಸಾಲನ್ನು ಎಷ್ಟು ಜಾಗ್ರತೆಯಿಂದ ಕಟ್ಟಿದ್ದಿರಿ ಎಂದು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನಾನು ಕೂಗಿದೆ. ‘ಸಾರ್, ಇಲ್ಲೆ ಅಂದ್ರೆ ಇಲ್ಲ ಅಂತ. ಅಪ್ಪಯ್ಯ ಕಡ್ದದ್ದಲ್ಲ. ಮಾಸ್ಟ್ರಿಗೆ ಗೊತ್ತಿತ್ತ್’ ಎಂದೆ. ರೇಂಜರು ನನ್ನ ಕಡೆ ನೋಡಿದರು. ಆಗಲೂ ನಿಮಗೆ ಅವಕಾಶವಿತ್ತು. ನೀವು ನನ್ನ ಭುಜ ಹಿಡಿದು ಶಾಲೆಯ ಕಡೆ ತಿರುಗಿಸಿ, ‘ಇವನ ಮಗಳು ಸಾರ್. ಅಪ್ಪನನ್ನು ಬಿಡಿಸಿಕೊಳ್ಳಲು ಏನೋ ಹೇಳುತ್ತಾಳೆ’ ಎಂದಿರಿ. ಆಮೇಲೆ ಅಪ್ಪಯ್ಯನ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದರ ಕೆಳಗೆ ನೀವು ಸಹಿ ಹಾಕಿದಿರಿ.

ಅಪ್ಪಯ್ಯನಿಗೆ ನಿಮ್ಮ ಮೈಸೂರಿನ ಮಾತು ಸರಿಯಾಗಿ ತಿಳಿದಿರಲಿಲ್ಲ. ನೀವು ತನ್ನ ಪರವಾಗಿ ಹೇಳಿದಿರಿ ಎಂದೇ ಅವನ ಭಾವನೆ. ಅಳುತ್ತಿದ್ದ ನನಗೆ, ‘ಮರ್ಕಬೇಡ ಮಗಾ, ಮಾಸ್ಟ್ರು ಎಲ್ಲ ಹೇಳಿಯಾಯ್ತಲೆ’ ಎಂದ. ನಿಮಗೂ ಕೈ ಮುಗಿದ. ನೀವು ಆ ನಮಸ್ಕಾರ ತೆಗೆದುಕೊಂಡಿರಿ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ಅಮ್ಮನಿಗೂ.

ಪೇಟೆಯ ಕೋರ್ಟಿಗೆ ಹೋಗುವ ದಿನ ಯಾರೋ ಒಬ್ಬ ಗುಮಾಸ್ತ ಅವನಿಗೆ ಬಿಡಿಸಿ ಹೇಳಿದ, ನಿನ್ನ ‘ಇಲ್ಲೆ’ಯೇ ನಿನ್ನನ್ನು ಇಲ್ಲಿಗೆ ತಂದದ್ದು ಎಂದು. ಅಪ್ಪಯ್ಯ ಬೆಚ್ಚಿಬಿದ್ದ. ಬಾಯಿ ತೆರೆದರೆ ಮತ್ತೆ ಅದೇ ಬಂದೀತು, ಇನ್ನೇನು ಅನರ್ಥವಾದೀತೋ ಎಂದು ಕಟಕಟೆಯಲ್ಲಿ ತುಟಿ ಬಿಗಿದುಕೊಂಡು ನಿಂತುಬಿಟ್ಟ. ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು ಕೇಳಿದರು. ಸುಮ್ಮನಿದ್ದ. ಹೇಳುವುದೇನಾದರೂ ಇದೆಯೇ ಎಂದರು. ಸುಮ್ಮನಿದ್ದ. ಎದುರಿಗೆ ಹೆಬ್ಬೆಟ್ಟು ಒತ್ತಿದ ಹೇಳಿಕೆ, ಕೆಳಗೆ ಊರಿನ ಮಾಸ್ಟ್ರ ಸಹಿ. ಆರು ತಿಂಗಳು ಜೈಲಾಯಿತು. ಘಟ್ಟದ ಮೇಲೆ ಒಯ್ದರು.

ಅಮ್ಮನೂ ನಾನೂ ನಿಮ್ಮ ಮನೆಗೆ ಬಂದದ್ದು ಆ ವಾರ. ನಿಮ್ಮ ಹೆಂಡತಿ ಗಿರಿಜಮ್ಮ ನಮ್ಮನ್ನು ಕಂಡು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ನೀವು ಕುರ್ಚಿಯಿಂದ ಏಳದೆ ಅಮ್ಮನಿಗೆ ಹೇಳಿದಿರಿ, ‘ನೋಡು ನಾಗು, ಒಬ್ಬನ ಆರು ತಿಂಗಳು ದೊಡ್ಡದೋ ನಾಲ್ಕು ಊರಿನ ಮಕ್ಕಳ ಭವಿಷ್ಯ ದೊಡ್ಡದೋ? ಒಡೆಯರ ಹೆಸರು ಬಂದರೆ ಕಟ್ಟಡ ಅಲ್ಲಿಗೇ ನಿಲ್ಲುತ್ತದೆ. ಅವನು ಬಂದ ಮೇಲೆ ಶಾಲೆಯಲ್ಲೇ ಜವಾನನ ಕೆಲಸ ಕೊಡಿಸುವ ಜವಾಬ್ದಾರಿ ನನ್ನದು.’ ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ‘ನಿಮ್ಮ ಕನ್ನಡ ನಂಗ್ ಗೊತ್ತಾತಿಲ್ಲೆ ಮಾಸ್ಟ್ರೇ’ ಎಂದು ಹೇಳಿ ನನ್ನ ಕೈ ಹಿಡಿದು ಮೆಟ್ಟಿಲಿಳಿದಳು.

ಆ ಪ್ರಶ್ನೆಗೆ ನಾನು ಈಗ ಉತ್ತರ ಕೊಡುತ್ತೇನೆ. ಒಡೆಯರ ಹೆಸರು ಬಂದಿದ್ದರೆ ಏನಾಗುತ್ತಿತ್ತು? ಅವರು ದಂಡ ಕಟ್ಟುತ್ತಿದ್ದರು, ವಕೀಲರನ್ನು ಇಡುತ್ತಿದ್ದರು, ನಾಲ್ಕು ದಿನ ಊರಿನಲ್ಲಿ ಮಾತಾಗುತ್ತಿತ್ತು. ಕಟ್ಟಡ ಒಂದು ವರ್ಷ ತಡವಾಗಿ ಏಳುತ್ತಿತ್ತು. ಒಂದು ಮಳೆಗಾಲ ಮಕ್ಕಳು ಹುಲ್ಲಿನ ಮಾಡಿನಡಿ ಕೂರಬೇಕಾಗುತ್ತಿತ್ತು. ಅಷ್ಟೇ. ಅಷ್ಟಕ್ಕೆ ನೀವು ಅಪ್ಪಯ್ಯನನ್ನು ಕೊಟ್ಟಿರಿ. ನನಗೆ ಇನ್ನೂ ಒಂದು ಅನುಮಾನವಿದೆ. ಶಾಲೆ ನಿಮ್ಮ ಕಾರಣದಲ್ಲಿ ಅರ್ಧ ಮಾತ್ರ. ಆ ಘಟ್ಟದ ಮೇಲಿನ ಅಧಿಕಾರಿಯ ಎದುರು, ಇದು ನಮ್ಮ ಮಾತು, ನಾನೂ ಹೀಗೆಯೇ ಆಡುವವನು ಎಂದು ಒಪ್ಪಿಕೊಳ್ಳಲು ನಿಮಗೆ ನಾಚಿಕೆಯಾಯಿತು. ‘ಇಲ್ಲೇ ಮೇಷ್ಟ್ರು’ ಎಂದು ಮತ್ತೊಬ್ಬರು ನಕ್ಕಾರು ಎಂದು ಹೆದರಿದಿರಿ. ಹೌದೋ ಅಲ್ಲವೋ, ನೀವೇ ಬಲ್ಲಿರಿ.

ಜೈಲಿಗೆ ಹೋದವನಿಗೆ ಗೇಣಿ ಕೊಡುವುದಿಲ್ಲ ಎಂದು ಒಡೆಯರು ಗದ್ದೆ ಬಿಡಿಸಿದರು. ಅಪ್ಪಯ್ಯ ಬಿಡುಗಡೆಯಾಗಿ ಬರುವಷ್ಟರಲ್ಲಿ ನಾವು ಬ್ರಹ್ಮಾವರಕ್ಕೆ, ಅಮ್ಮನ ತವರಿಗೆ ಬಂದಾಗಿತ್ತು. ಹಂಚಿನ ಕಾರ್ಖಾನೆಯಲ್ಲಿ ಆವೆಮಣ್ಣು ಹೊರುವ ಕೆಲಸ ಸಿಕ್ಕಿತು. ಗದ್ದೆಯ ಬದುವಿನಲ್ಲಿ ನಿಂತು ಮೂರು ಹೊಲದಾಚೆಗೆ ಕೇಳುವ ಹಾಗೆ ಮಾತಾಡುತ್ತಿದ್ದವನು ಈಗ ಹತ್ತಿರ ಕೂತವರಿಗೂ ತಲೆಯಾಡಿಸಿಯೇ ಉತ್ತರ ಕೊಡುತ್ತಿದ್ದ. ಊಟವಾಯಿತೇ ಎಂದರೆ ಕೈಯಾಡಿಸುತ್ತಿದ್ದ. ಹಸಿವಿದೆಯೇ ಎಂದರೆ ಸುಮ್ಮನಿರುತ್ತಿದ್ದ. ಕಾರ್ಖಾನೆಯಲ್ಲಿ ಅವನಿಗೆ ಮೂಗ ಮುತ್ತ ಎಂದು ಹೆಸರು ಬಿತ್ತು. ಆ ಶಬ್ದವನ್ನು ಅವನು ಮತ್ತೆ ಆಡಿದ್ದನ್ನು ನಾನು ಕೇಳಿಲ್ಲ. ನಿಮ್ಮ ಹೆಸರು ಬಂದಾಗ ಮಾತ್ರ ಒಂದು ಮಾತಾಡುತ್ತಿದ್ದ, ಮಾಸ್ಟ್ರಿಗೆ ಅವತ್ತು ಸರಿಯಾಗಿ ಕೇಳಿಸಿರಲಿಕ್ಕಿಲ್ಲ, ಗಾಳಿ ಇತ್ತು ಎಂದು. ನಿಜವಾಗಿ ನಂಬಿದ್ದನೋ, ನಂಬಿದ ಹಾಗೆ ಇರುವುದೇ ಸುಲಭವೆಂದು ಹಾಗೆ ಹೇಳುತ್ತಿದ್ದನೋ, ನನಗೆ ಗೊತ್ತಾಗಲಿಲ್ಲ. ಕೇಳಿದಾಗಲೆಲ್ಲ ನನಗೆ ಎದ್ದು ಹೋಗಬೇಕು ಅನ್ನಿಸುತ್ತಿತ್ತು.

ನಾನು ಸೋದರಮಾವನ ಜೊತೆ ಬೊಂಬಾಯಿಗೆ ಹೋಗಿ ನರ್ಸು ಕಲಿತೆ. ಬಂದರಿನ ಹತ್ತಿರದ ಆಸ್ಪತ್ರೆ. ಹಡಗುಗಳಿಂದ ಇಳಿಸಿದ ರೋಗಿಗಳು ಎಲ್ಲೆಲ್ಲಿಯವರೋ, ಭಾಷೆ ಯಾವುದೆಂದೇ ಮೊದಲು ಗೊತ್ತಾಗುವುದಿಲ್ಲ. ಅಪ್ಪಯ್ಯನ ಆ ಶಬ್ದ ಅಲ್ಲಿಯೂ ನನ್ನನ್ನು ಬಿಡಲಿಲ್ಲ. ದಿನಕ್ಕೊಮ್ಮೆಯಾದರೂ ಯಾರದೋ ಬಾಯಲ್ಲಿ ಕೇಳಿ ತಿರುಗಿ ನೋಡುತ್ತಿದ್ದೆ. ಜೊತೆಯ ಮಲಯಾಳಿ ನರ್ಸುಗಳು ‘ಇಲ್ಲ’ ಎಂದರೆ ನಮ್ಮ ಹಾಗೇ. ಕಸ ಗುಡಿಸುವ ಉತ್ತರದ ಹೆಂಗಸು ಅಕ್ಕಿ ಆರಿಸುತ್ತಾ ‘ಇಲ್ಲಿ’ ಎಂದು ಹುಳವನ್ನು ಎತ್ತಿ ಎಸೆಯುತ್ತಿದ್ದಳು, ಅವಳ ಹಿಂದಿಯಲ್ಲಿ ಹುಳಕ್ಕೆ ಅದೇ ಹೆಸರು. ಡಾಕ್ಟರು ಇಂಗ್ಲಿಷಿನಲ್ಲಿ ‘ಇಲ್’ ಎಂದರೆ ಕಾಯಿಲೆ. ಗೋವಾದ ಮುದುಕಿ ಮೇಟ್ರನ್ ಪೋರ್ಚುಗೀಸರ ಮಾತು ಬಲ್ಲವಳು. ಅವಳು ಹುಟ್ಟಿದ್ದು ‘ಇಲ್ಯ’ದಲ್ಲಂತೆ, ಎಂದರೆ ಸುತ್ತ ನೀರಿರುವ ಕುದ್ರುವಿನಲ್ಲಿ. ಪಾಂಡಿಚೇರಿಯ ಒಬ್ಬಳಿಗೆ ಶಾಲೆಯಲ್ಲಿ ಕಲಿತ ಫ್ರೆಂಚಿನಲ್ಲಿ ‘ಇಲ್’ ಎಂದರೆ ಅವನು. ಇವುಗಳಲ್ಲಿ ಎಷ್ಟೋ ನಮ್ಮ ಮಾತಿಗೆ ಸಂಬಂಧವೇ ಇಲ್ಲದ ಭಾಷೆಗಳು. ಯಾರ ಬಾಯಲ್ಲೂ ಆ ಶಬ್ದ ತಪ್ಪಲ್ಲ. ನೀವು ಅದಕ್ಕೆ ನನ್ನ ಅಂಗೈ ಕೆಂಪಗೆ ಮಾಡಿದ್ದಿರಿ.

ಒಮ್ಮೆ ಒಬ್ಬ ಅರಬನನ್ನು ತಂದರು. ಅವರ ಹಾಯಿ ಹಡಗು ಬಿರುಗಾಳಿಗೆ ಒಡೆದಿತ್ತು. ಜ್ವರದಲ್ಲಿ ಅವನು ‘ಇಲ್ಲಾ, ಇಲ್ಲಾ’ ಎಂದು ಒಂದೇ ಸಮನೆ ಹೇಳುತ್ತಿದ್ದ. ಮಲಯಾಳಿ ನರ್ಸು, ಇವನು ಔಷಧ ಬೇಡ ಎನ್ನುತ್ತಿದ್ದಾನೆ ಎಂದಳು. ಹೊಸ ಡಾಕ್ಟರು, ಇಲ್ ಎನ್ನುತ್ತಿದ್ದಾನೆ, ಕಾಯಿಲೆಯೆಂದು ನಮಗೆ ಕಾಣುವುದಿಲ್ಲವೇ ಎಂದು ನಕ್ಕರು. ನನಗೆ ನಗು ಬರಲಿಲ್ಲ. ಯಾರಾದರೂ ಬಲ್ಲವರನ್ನು ಕರೆಸಿ ಎಂದು ಹಟ ಹಿಡಿದೆ. ಡಾಕ್ಟರು ಬೇಸರಪಡದೆ ಒಪ್ಪಿ, ಬಂದರಿಗೆ ಆಳು ಕಳುಹಿಸಿದರು. ಗಂಗೊಳ್ಳಿಯ ಒಬ್ಬ ಸಾಹೇಬರು ಬಂದರು. ಖರ್ಜೂರದ ಹಡಗುಗಳ ಜೊತೆ ವ್ಯಾಪಾರ ಮಾಡಿ ಅರಬಿ ಕಲಿತವರು. ರೋಗಿಯ ಬಾಯಿಗೆ ಕಿವಿಯಿಟ್ಟು ಕೇಳಿ, ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲೇ ಹೇಳಿದರು, ‘ಇಲ್ಲಾ ಅಂದ್ರೆ ಇವ್ರಲ್ಲಿ ಬಿಟ್ಟು ಅಂತ ತಂಗೀ. ಎಲ್ಲ ಬಂದ್ರ್, ನನ್ನ ತಮ್ಮನೊಬ್ಬನ್ನ ಬಿಟ್ಟು ಅಂತ ಹೇಳ್ತಿದ್ದ.’

ಅವನ ತಮ್ಮನನ್ನು ಯಾರಿಂದಲೂ ತರಲಾಗಲಿಲ್ಲ. ಸಮುದ್ರ ಕೊಂಡುಹೋಗಿತ್ತು. ಆದರೆ ಅವನು ಏನು ಹೇಳುತ್ತಿದ್ದಾನೆಂದು ಇಡೀ ವಾರ್ಡಿಗೆ ತಿಳಿಯಿತು. ಆ ಮಲಯಾಳಿ ಹುಡುಗಿ ಹೋಗಿ ಅವನ ಕೈ ಹಿಡಿದು ಕೂತಳು. ಅವನು ಹೇಳುವುದು ನಿಲ್ಲಿಸಿ ನಿದ್ದೆ ಹೋದ.

ನಾನು ಅವತ್ತು ಔಷಧದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಅರಬನಿಗಾಗಿ ಅತ್ತೆ ಎಂದು ಎಲ್ಲರೂ ತಿಳಿದರು. ಹೆಸರೂ ಗೊತ್ತಿಲ್ಲದ, ಎಲ್ಲಿಯವನೆಂದೂ ಗೊತ್ತಿಲ್ಲದ ಮನುಷ್ಯನ ಒಂದು ಶಬ್ದಕ್ಕಾಗಿ ಬಂದರಿನವರೆಗೆ ಆಳು ಹೋಗಿ ತಿಳಿದವರನ್ನು ಹುಡುಕಿ ತಂದ. ಅಪ್ಪಯ್ಯನಿಗೆ ತಿಳಿದವರನ್ನು ಹುಡುಕಬೇಕಾಗಿಯೇ ಇರಲಿಲ್ಲ. ಪಕ್ಕದಲ್ಲೇ ನಿಂತಿದ್ದರು. ಜೊತೆಗೆ ಏಡಿ ಹಿಡಿದವರು. ಅಧಿಕಾರಿ ತಾವಾಗಿ ಕೇಳಿಯೂ ಇದ್ದರು.

ಹಂಚಿನ ಕಾರ್ಖಾನೆಯ ಧೂಳು ಅಪ್ಪಯ್ಯನ ಎದೆಗೆ ಹೋಯಿತು. ಎರಡು ವರ್ಷ ಕೆಮ್ಮಿದ. ನಾನು ರಜೆ ಹಾಕಿ ಬಂದು ಕೊನೆಯ ದಿನಗಳಲ್ಲಿ ಅವನ ಹತ್ತಿರ ಇದ್ದೆ. ನನ್ನ ಕೈಯಿಂದ ಗಂಜಿ ಕುಡಿದು, ಮಗಳು ಸರಕಾರಿ ಡಾಕ್ಟರ ಹಾಗೆ ನಾಡಿ ನೋಡುತ್ತಾಳೆ ಎಂದು ಅಮ್ಮನಿಗೆ ಕಣ್ಣಿನಲ್ಲೇ ತೋರಿಸುತ್ತಿದ್ದ. ಸಂಕಟಪಡದೆ ಹೋದ. ಅದೊಂದು ಸಮಾಧಾನ.

ನಿಮ್ಮ ಹೈಸ್ಕೂಲು ಚೆನ್ನಾಗಿ ನಡೆಯುತ್ತಿದೆ ಎಂದು ಕೇಳಿದ್ದೇನೆ. ನೀವು ಹೆಡ್ಮಾಸ್ಟ್ರಾಗಿ ಈ ವರ್ಷ ನಿವೃತ್ತರಾಗುತ್ತೀರಂತೆ. ಅಲ್ಲಿ ಓದಿದವರು ಬ್ಯಾಂಕಿನಲ್ಲಿದ್ದಾರೆ, ಬೊಂಬಾಯಿಯಲ್ಲಿ ಹೋಟೆಲು ಇಟ್ಟಿದ್ದಾರೆ. ನಾನೂ ಕೆಲವರನ್ನು ಕಂಡಿದ್ದೇನೆ. ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಅವರು ಓದಲಿ. ಆದರೆ ಅವರ ಓದಿಗೆ ಅಪ್ಪಯ್ಯ ತಾನಾಗಿ ಏನನ್ನೂ ಕೊಟ್ಟವನಲ್ಲ, ಅವನಿಂದ ಕಿತ್ತುಕೊಂಡದ್ದು. ಬೊಜ್ಜದ ದಿನ ಎದ್ದು ನಿಂತು ‘ಶಾಲೆಗಾಗಿ ತ್ಯಾಗ ಮಾಡಿದ ಜೀವ’ ಎಂದೇನಾದರೂ ಹೇಳಬೇಕೆಂದಿದ್ದರೆ ಅದನ್ನು ಮನೆಯಲ್ಲೇ ಬಿಟ್ಟುಬನ್ನಿ.

ಅಮ್ಮ ನೀವು ಬರಲಿ ಎನ್ನುತ್ತಾಳೆ. ಸಾವಿನ ಮನೆಗೆ ಬರುವವರನ್ನು ತಡೆಯಬಾರದು ಎಂದು ಅವಳ ಮಾತು. ನಾನು ಅವಳಿಗೆ ಎದುರಾಡಲಿಲ್ಲ. ಆದರೆ ಮನೆಯ ಯಜಮಾನಿಕೆ ಈಗ ನನ್ನದು. ಆದ್ದರಿಂದ ನಾನು ಹೇಳುವುದನ್ನು ಕೇಳಿ. ನಾಲ್ಕು ಮಾತು ಬೇಡ, ಒಂದೇ ಸಾಕು. ಬರುವ ಆದಿತ್ಯವಾರ ನಮ್ಮ ಅಂಗಳದಲ್ಲಿ ಆ ಊರಿನವರೂ ಇರುತ್ತಾರೆ, ಈ ಊರಿನವರೂ ಇರುತ್ತಾರೆ. ಒಡೆಯರ ಮನೆಯಿಂದಲೂ ಯಾರೋ ಬರುವ ಸುದ್ದಿ ಇದೆ. ಎಲ್ಲರಿಗೂ ಕೇಳುವ ಹಾಗೆ, ಮುತ್ತ ಆ ಮರ ಕಡಿದವನಲ್ಲ, ಅದು ನನಗೆ ಅವತ್ತೇ ಗೊತ್ತಿತ್ತು, ಗೊತ್ತಿದ್ದೇ ಸಹಿ ಹಾಕಿದೆ ಎಂದು ಹೇಳಿ. ಯಾವ ಕನ್ನಡದಲ್ಲಾದರೂ ಹೇಳಿ, ನನ್ನ ತಕರಾರಿಲ್ಲ. ಹೇಳಿದ ಮೇಲೆ ಕೈ ತೊಳೆದು ಬನ್ನಿ. ನಾನೇ ನಿಮಗೆ ಎಲೆ ಹಾಕಿ ಬಡಿಸುತ್ತೇನೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಬಡಿಸುತ್ತೇನೆ.

ಹೇಳಲಾಗದಿದ್ದರೆ ಬ್ರಹ್ಮಾವರದಲ್ಲಿ ಬಸ್ಸು ಇಳಿಯಬೇಡಿ. ನಿಮ್ಮ ಕಾರ್ಡನ್ನು ಇದರ ಜೊತೆ ಹಿಂದಕ್ಕೆ ಕಳುಹಿಸಿದ್ದೇನೆ. ‘ನಿರಪರಾಧಿ’ ಎಂಬ ನಿಮ್ಮ ಶಬ್ದವನ್ನು ಈ ಮನೆಯಲ್ಲಿ ಕಾಗದದ ಮೇಲೆ ಇಟ್ಟುಕೊಳ್ಳುವ ಅಗತ್ಯ ನಮಗಿಲ್ಲ.

ನಿಮ್ಮ ಕೆಟ್ಟದ್ದನ್ನು ಬಯಸಲು ಅಪ್ಪಯ್ಯ ನನಗೆ ಕಲಿಸಲಿಲ್ಲ. ಗಿರಿಜಮ್ಮನವರು ಚೆನ್ನಾಗಿರಲಿ. ನಿಮ್ಮ ಮಕ್ಕಳು ಮೊಮ್ಮಕ್ಕಳು ಚೆನ್ನಾಗಿರಲಿ. ನಿಮಗೆ, ಆ ಒಂದು ಮಾತು ಹೇಳಿ ಮುಗಿಸುವಷ್ಟಾದರೂ ಆಯುಷ್ಯವನ್ನು ದೇವರು ಕೊಡಲಿ.

ಇತಿ,
ಮುತ್ತನ ಮಗಳು
ಸುಗುಣ